ಎಂಜಿನ್ನಿನ ಇಷ್ಟು ಸದ್ದಿನಲ್ಲಿ ನಾಕ್ ಯಾವುದು?

(ಗೋಣಿಕೊಪ್ಪಲಿನಲ್ಲಿ ಗ್ಯಾರೇಜಿನವರು, ಕಾಫಿ ತೋಟದವರು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸುಳ್ಯದ ಕಡೆಯಿಂದ ಸಂಪಾಜೆ ಘಾಟಿ ಹತ್ತುವ ಪೆಟ್ರೋಲ್ ಕಾರನ್ನು ನೆನಪಿಸಿಕೊಳ್ಳಿ. ಮಾರ್ಚ್ ತಿಂಗಳ ಮಧ್ಯಾಹ್ನ, ಒಳಗೆ ಐದು ಜನ, ಹಿಂದೆ ತುಂಬಾ ಸಾಮಾನು. ಎರಡನೇ ಗೇರಿಗೆ ಇಳಿಸಬೇಕಾದ ಕಡೆ ಮೂರರಲ್ಲೇ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನ ಒಳಗಿಂದ ಟಿಣ್ ಟಿಣ್ ಅಂತ ಒಂದು ಚೂಪು ಸದ್ದು ಬರುತ್ತದೆ. ಅದು ನಾಕಿಂಗ್. ನಮ್ಮ ಹಳೆಯ ಮೆಕ್ಯಾನಿಕ್‌ಗಳು ಪಕ್ಕದ ಸೀಟಿನಲ್ಲಿ ಕೂತು ಒಂದು ತಿರುವು ಮುಗಿಯುವುದರೊಳಗೆ ಇದನ್ನು ಹಿಡಿಯುತ್ತಿದ್ದರು. ಇಳಿದು, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಸರಿ ಮಾಡುತ್ತಿದ್ದರು. ಇವತ್ತಿನ ಕಾರಿನಲ್ಲಿ ಆ ಕೆಲಸವನ್ನು ಬ್ಲಾಕಿಗೆ (ಸಿಲಿಂಡರುಗಳಿರುವ ಎಂಜಿನ್ನಿನ ಲೋಹದ ಮೈಗೆ) ಬಿಗಿದ ಒಂದು ಸಣ್ಣ ಸೆನ್ಸರ್ ಮತ್ತು ಅದರ ಹಿಂದಿನ ಎಲೆಕ್ಟ್ರಾನಿಕ್ಸ್ ಮಾಡುತ್ತವೆ. ಅದು ಹೇಗೆ ಅನ್ನುವುದೇ ಇವತ್ತಿನ ವಿಷಯ. ಸದ್ದು ಹಿಡಿಯುವುದು ಇದರಲ್ಲಿ ಸುಲಭದ ಭಾಗ. ಯಾವಾಗ ಕೇಳಬೇಕು, ಎಷ್ಟು ಜೋರಾದರೆ ಅದು ನಾಕ್ ಅಂತ ತೀರ್ಮಾನಿಸಬೇಕು ಅನ್ನುವುದರಲ್ಲಿ ನಿಜವಾದ ಕೆಲಸ ಇದೆ.

ಮೊದಲು ಸಿಲಿಂಡರಿನ ಒಳಗೆ ಏನಾಗುತ್ತದೆ ನೋಡೋಣ. ಪ್ಲಗ್ ಕಿಡಿ ಕೊಟ್ಟ ಕೂಡಲೇ ಮಿಶ್ರಣ ಒಮ್ಮೆಲೇ ಸಿಡಿಯುವುದಿಲ್ಲ. ಬೆಂಕಿ ಪ್ಲಗ್ಗಿನ ಹತ್ತಿರ ಹುಟ್ಟಿ, ಸೆಕೆಂಡಿಗೆ ಕೆಲವು ಹತ್ತು ಮೀಟರ್ ವೇಗದಲ್ಲಿ ಸುತ್ತಲೂ ಹರಡುತ್ತದೆ. ಉರಿದ ಅನಿಲ ಹಿಗ್ಗಿ, ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಬೆಂಕಿ ಬಂದು ಮುಟ್ಟುವ ಮೊದಲೇ ಆ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಒಂದೇ ಕಡೆ ಒತ್ತಡ ಸರ್ರನೆ ಏರುತ್ತದೆ. ಆ ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿದು ಓಡಾಡುತ್ತದೆ. ನಮಗೆ ಕೇಳುವುದು ಅದು ಬ್ಲಾಕನ್ನು ನಡುಗಿಸಿದ ಸದ್ದು.

ಸಂಪಾಜೆಯ ಉದಾಹರಣೆ ಸುಮ್ನೆ ಕೊಟ್ಟಿದ್ದಲ್ಲ. ಆರ್‌ಪಿಎಂ ಕಡಿಮೆ ಇದ್ದಾಗ ಆ ಮೂಲೆಯ ಮಿಶ್ರಣಕ್ಕೆ ಹೊತ್ತಿಕೊಳ್ಳಲು ಜಾಸ್ತಿ ಸಮಯ ಸಿಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಒಳಗೆ ಜಾಸ್ತಿ ಗಾಳಿ ಹೋಗಿ ಒತ್ತಡ ಏರುತ್ತದೆ. ಘಾಟಿಯ ಬುಡದ ಗಾಳಿ ಬೇರೆ ಬಿಸಿ. ಮೂರೂ ಒಂದೇ ಕಡೆ ಸೇರುತ್ತವೆ. ಅದೇ ಕಾರು ಮಡಿಕೇರಿ ತಲುಪಿದ ಮೇಲೆ ಸುಮ್ಮನಾಗುತ್ತದೆ, ಅಲ್ವಾ? ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 12-13ರಷ್ಟು ಕಡಿಮೆ. ಹಾಗಾಗಿ ಸಿಲಿಂಡರಿನ ಒಳಗಿನ ಒತ್ತಡವೂ ಕಡಿಮೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೂ ನಾಕ್ ತಗ್ಗುತ್ತದೆ. ಆದ್ದರಿಂದ ಜುಲೈ ಮಳೆಯಲ್ಲಿ ಸುಮ್ಮನಿದ್ದ ಎಂಜಿನ್ ಮಾರ್ಚಿನಲ್ಲಿ ಸದ್ದು ಮಾಡಿದರೆ ಯಾರೋ ಏನೋ ಕೆಡಿಸಿದ್ದಾರೆ ಅಂತ ತಕ್ಷಣ ಅಂದುಕೊಳ್ಳಬೇಕಿಲ್ಲ.

ಹಾಗಂತ ಇದು ಬರೀ ಸದ್ದಲ್ಲ. ಪಿಸ್ಟನ್ ಮತ್ತು ಹೆಡ್ಡಿನ ಮೇಲ್ಮೈಗೆ ಅಂಟಿಕೊಂಡಂತೆ ಒಂದು ತೆಳುವಾದ, ಸ್ವಲ್ಪ ತಂಪಾದ ಅನಿಲದ ಪದರ ಇರುತ್ತದೆ. ಲೋಹವನ್ನು ಬೆಂಕಿಯ ಬಿಸಿಯಿಂದ ಕಾಪಾಡುವುದು ಅದೇ. ನಾಕ್ ಅಲೆ ಆ ಪದರವನ್ನು ಕೆಡಿಸುತ್ತದೆ. ಆಮೇಲೆ ಅಲ್ಯೂಮಿನಿಯಂ ಪಿಸ್ಟನ್ನಿನ ಅಂಚು ಸಣ್ಣಸಣ್ಣ ಗುಳಿ ಬಿದ್ದು ಮರಳು ಎರಚಿದ ಹಾಗೆ ಕಾಣುತ್ತದೆ. ರಿಂಗುಗಳ ನಡುವಿನ ಭಾಗ ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಎಂಜಿನ್ ಬಿಚ್ಚಿ ಇಂಥ ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿದವರು ಇಲ್ಲಿ ಎಷ್ಟೋ ಜನ ಇದ್ದೀರಿ.

ಇದಕ್ಕೆ ಜಗತ್ತು ಬಹುಕಾಲ ನೆಚ್ಚಿಕೊಂಡ ಮದ್ದು ಕೆಟ್ಟ ಮದ್ದು. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಥಾಮಸ್ ಮಿಡ್ಜ್‌ಲಿ, ಟೆಟ್ರಾಈಥೈಲ್ ಲೆಡ್ ಅನ್ನುವ ಸೀಸದ ಸಂಯುಕ್ತವನ್ನು ಸ್ವಲ್ಪವೇ ಸೇರಿಸಿದರೂ ನಾಕ್ ನಿಲ್ಲುತ್ತದೆ ಅಂತ ಕಂಡುಕೊಂಡರು. ನಾಕ್ ನಿಂತಿತು. ಆದರೆ ಸೀಸ ಹೊಗೆಯಲ್ಲಿ ಹೊರಬಂದು ದಶಕಗಳ ಕಾಲ ಮಕ್ಕಳ ರಕ್ತ ಸೇರಿತು. ಭಾರತದಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿದ್ದು 2000ದಲ್ಲಿ. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ ನಿಲ್ಲಿಸಿದ್ದು 2021ರಲ್ಲಿ. ಇಂಧನಕ್ಕೆ ವಿಷ ಬೆರೆಸುವುದರ ಬದಲು ಎಂಜಿನ್ನಿನ ಮಾತು ಕೇಳಿ ಟೈಮಿಂಗ್ ಬದಲಿಸುವ ದಾರಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಅನಿಸುತ್ತಲೇ ಇರುತ್ತದೆ. ಆ ದಾರಿ ಮಾರುಕಟ್ಟೆಗೆ ಬಂದಿದ್ದು 1970ರ ದಶಕದ ಕೊನೆಗೆ. ಅಮೆರಿಕದ ಕಾರು ಕಂಪನಿ ಬ್ಯೂಕ್ 1978ರ ಟರ್ಬೊ ಎಂಜಿನ್ನಿಗೆ ನಾಕ್ ಸೆನ್ಸರ್ ಹಾಕಿತು. ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ಸಾಬ್ ಟರ್ಬೊ ಕಾರುಗಳಲ್ಲೂ ಬಂತು.

ಈಗ ಸದ್ದಿನ ವಿಷಯ. ನಾಕ್ ಸದ್ದಿಗೆ ಒಂದು ನಿರ್ದಿಷ್ಟ ಶ್ರುತಿ ಇದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಎಂಐಟಿಯ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್, 1930ರ ದಶಕದಲ್ಲಿ. ಮುಂದೆ ಅಪೊಲೊ ನೌಕೆಗಳಿಗೆ ಚಂದ್ರನವರೆಗೆ ದಾರಿ ತೋರಿಸಿದ ಕಂಪ್ಯೂಟರ್ ತಯಾರಾಗಿದ್ದು ಇದೇ ಡ್ರೇಪರ್ ಅವರ ಪ್ರಯೋಗಾಲಯದಲ್ಲಿ. ಅವರ ಲೆಕ್ಕದ ತಿರುಳು ಸರಳ. ಅಲೆ ಸಿಲಿಂಡರಿನ ಒಳಗೆ ಅಡ್ಡಡ್ಡ ಓಡಾಡುತ್ತದೆ. ಆ ಬಿಸಿ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 900 ಮೀಟರ್‌ಗಿಂತ ಮೇಲೆ. ಅದನ್ನು 1.84ರಿಂದ ಗುಣಿಸಿ, ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು ಪೈಯ ಗುಣಲಬ್ಧದಿಂದ ಭಾಗಿಸಿದರೆ ಮುಖ್ಯ ಆವರ್ತನ ಸಿಗುತ್ತದೆ. 80 ಮಿಲಿಮೀಟರ್ ಬೋರಿಗೆ ಸುಮಾರು 7 ಕಿಲೋಹರ್ಟ್ಸ್. 70 ಮಿಲಿಮೀಟರ್ ಆದರೆ 8ರ ಹತ್ತಿರ. ಬೈಕಿನ 50 ಮಿಲಿಮೀಟರ್ ಬೋರಿಗೆ 11 ದಾಟುತ್ತದೆ. ಬೋರ್ ಸಣ್ಣದಾದಷ್ಟೂ ಸದ್ದು ಚೂಪು. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಎಷ್ಟಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲವೇ ಇಲ್ಲ ಅನ್ನಬಹುದು. ಯಾಕೆಂದರೆ ನಾಕ್ ಆಗುವಾಗ ಪಿಸ್ಟನ್ ಮೇಲೆಯೇ ಇರುತ್ತದೆ.

ಈ ಅಲೆಯನ್ನು ನೇರವಾಗಿ ಅಳೆಯಬೇಕಾದರೆ ಸಿಲಿಂಡರಿನ ಒಳಗೇ ಪ್ರೆಶರ್ ಸೆನ್ಸರ್ ಇಡಬೇಕು. ಲ್ಯಾಬಿನಲ್ಲಿ ಹಾಗೇ ಮಾಡುತ್ತಾರೆ. ದಿನಬಳಕೆಯ ಕಾರಿಗೆ ಅದು ದುಬಾರಿ. ಅದಕ್ಕೆ ಬ್ಲಾಕಿನ ಹೊರಗೆ ಕಂಪನ ಅಳೆಯುವ ಸೆನ್ಸರ್. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 2 ಮತ್ತು 3ನೇ ಸಿಲಿಂಡರುಗಳ ನಡುವೆ, ನಾಲ್ಕೂ ಸಿಲಿಂಡರುಗಳ ಸದ್ದು ಹೆಚ್ಚು ಕಡಿಮೆ ಸಮವಾಗಿ ಬರಲಿ ಅಂತ. ಒಳಗೆ ಇರುವುದು ಪೀಜೊ ಸೆರಾಮಿಕ್‌ನ ಒಂದು ಉಂಗುರ, ಅದರ ಮೇಲೆ ಕೂತ ಒಂದು ತೂಕದ ಉಂಗುರ. ಬ್ಲಾಕ್ ನಡುಗಿದಾಗ ಆ ತೂಕ ಸೆರಾಮಿಕ್ಕನ್ನು ಒತ್ತಿ ಬಿಡುತ್ತದೆ. ಒತ್ತಿದಾಗ ಸೆರಾಮಿಕ್ ವಿದ್ಯುತ್ ಕೊಡುತ್ತದೆ. ಕೆಲವು ಹರಳುಗಳಿಗೆ ಈ ಗುಣ ಇದೆ ಅಂತ 1880ರಲ್ಲಿ ತೋರಿಸಿದವರು ಫ್ರಾನ್ಸಿನ ಕ್ಯೂರಿ ಸಹೋದರರು. ಸೆನ್ಸರುಗಳಲ್ಲಿ ಎರಡು ಜಾತಿ ಇವೆ. ಒಂದು, ಒಂದೇ ಶ್ರುತಿಗೆ ಟ್ಯೂನ್ ಆಗಿರುವುದು. ಅದು ಆ ಎಂಜಿನ್ನಿಗೆ ಮಾತ್ರ. ಇನ್ನೊಂದು, ಕೆಲವು ಕಿಲೋಹರ್ಟ್ಸ್‌ನಿಂದ 20ರ ಆಸುಪಾಸಿನವರೆಗೂ ಸಮವಾಗಿ ಕೇಳುವುದು. ಅದರಿಂದ ಬೇಕಾದ ಶ್ರುತಿಯನ್ನು ಆರಿಸಿಕೊಳ್ಳುವ ಕೆಲಸ ಇಸಿಯುವಿನದ್ದು, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರಿನದ್ದು. ಈಗ ಹೆಚ್ಚಾಗಿ ಬರುವುದು ಎರಡನೆಯದೇ.

ನಾಕ್ ಒಂದೇ ಬ್ಲಾಕನ್ನು ನಡುಗಿಸುವುದಾಗಿದ್ದರೆ ಇಲ್ಲಿಗೆ ನನ್ನ ಮಾತು ಮುಗಿಯುತ್ತಿತ್ತು. ಆದರೆ ವಾಲ್ವ್ ಬಂದು ಸೀಟಿಗೆ ಬಡಿಯುತ್ತದೆ, ಇಂಜೆಕ್ಟರ್ ಟಿಕ್ ಅನ್ನುತ್ತದೆ, ಪಿಸ್ಟನ್ ಗೋಡೆಗೆ ತಾಗುತ್ತದೆ, ಚೈನ್ ಗಲಗಲ ಅನ್ನುತ್ತದೆ. ಇವುಗಳಲ್ಲಿ ಎಷ್ಟೋ ಸದ್ದು ಅದೇ 6-8 ಕಿಲೋಹರ್ಟ್ಸ್ ಪಟ್ಟಿಯೊಳಗೆ ಬೀಳುತ್ತವೆ. ಶ್ರುತಿಯಿಂದ ಮಾತ್ರ ನಾಕನ್ನು ಬೇರೆ ಮಾಡಲು ಆಗುವುದಿಲ್ಲ.

ಆದ್ದರಿಂದ ಸಮಯ ನೋಡಬೇಕು. ನಾಕ್ ಯಾವಾಗ ಬೇಕಾದರೂ ಆಗುವುದಿಲ್ಲ. ಪಿಸ್ಟನ್ ಟಾಪ್ ಡೆಡ್ ಸೆಂಟರ್ (ತನ್ನ ಓಟದ ಮೇಲ್ತುದಿ) ದಾಟಿ ಕೆಳಗಿಳಿಯಲು ಶುರು ಮಾಡಿದ ಮೇಲೆ, ಪಿಸ್ಟನ್ನಿಗೆ ಜೋಡಿಸಿದ ಕ್ರ್ಯಾಂಕ್ ದಂಡ ತಿರುಗುವ ಸುಮಾರು 10 ಡಿಗ್ರಿಯಿಂದ 70 ಡಿಗ್ರಿಯ ಒಳಗೆ ಆಗುತ್ತದೆ. ಕ್ರ್ಯಾಂಕ್ ಸೆನ್ಸರಿನಿಂದ ಕೋನ ಗೊತ್ತಿರುತ್ತದೆ. ಇಸಿಯು ಅಷ್ಟು ಹೊತ್ತು ಮಾತ್ರ ಕಿಟಕಿ ತೆರೆಯುತ್ತದೆ, ಉಳಿದ ಹೊತ್ತು ಏನೇ ಬಡಿದರೂ ಲೆಕ್ಕಕ್ಕಿಲ್ಲ. ಸಾಧ್ಯವಾದಷ್ಟು ವಾಲ್ವ್ ಬಡಿಯುವ ಕೋನ ಹೊರಗೇ ಉಳಿಯುವಂತೆ ಈ ಕಿಟಕಿಯನ್ನು ಇಡುತ್ತಾರೆ. ಯಾವ ಸಿಲಿಂಡರಿನ ಸರದಿ ಅಂತಲೂ ಗೊತ್ತಿರುವುದರಿಂದ ಒಂದೇ ಸೆನ್ಸರ್ ನಾಲ್ಕೂ ಸಿಲಿಂಡರುಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳುತ್ತದೆ. ಎಷ್ಟು ಕಡಿಮೆ ಹೊತ್ತು ಅಂತ ಲೆಕ್ಕ ಹಾಕಿ ನೋಡಿ. 3,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್. 60 ಡಿಗ್ರಿಯ ಕಿಟಕಿ ಅಂದರೆ 3.3 ಮಿಲಿಸೆಕೆಂಡ್. ಅಷ್ಟರಲ್ಲಿ 7 ಕಿಲೋಹರ್ಟ್ಸ್ ಅಲೆ ಇಪ್ಪತ್ತಮೂರು ಸಲ ಏರಿಳಿಯುತ್ತದೆ. 6,000 ಆರ್‌ಪಿಎಂನಲ್ಲಿ ಅದರ ಅರ್ಧ. ಇಷ್ಟರಲ್ಲೇ ಫಿಲ್ಟರ್ ಮಾಡಿ, ಋಣ ಭಾಗವನ್ನು ಧನ ಮಾಡಿ, ಎಲ್ಲವನ್ನೂ ಕೂಡಿಸಿ ಒಂದೇ ಒಂದು ಸಂಖ್ಯೆ ತೆಗೆಯಬೇಕು. ಮೊದಲು ಇದಕ್ಕೆಂದೇ ಪ್ರತ್ಯೇಕ ಚಿಪ್‌ಗಳಿದ್ದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಐಸಿ8101 ಅಂಥದ್ದು, ಅದಕ್ಕೆ ಕಿಟಕಿ ತೆರೆಯಲು ಮುಚ್ಚಲು ಒಂದು ಪಿನ್ನೇ ಇದೆ. ಈಗ ಎಷ್ಟೋ ಇಸಿಯುಗಳಲ್ಲಿ ಮುಖ್ಯ ಪ್ರೊಸೆಸರ್ರೇ ಈ ಲೆಕ್ಕ ಮಾಡುತ್ತದೆ.

ಸಂಖ್ಯೆ ಸಿಕ್ಕಿತು ಅನ್ನಿ. ಎಷ್ಟಾದರೆ ನಾಕ್? ಇದಕ್ಕೆ ಒಂದೇ ಉತ್ತರ ಇಲ್ಲ. ನಮ್ಮ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತಿದ್ದೀರಿ, ಯಾರೋ ಬರುವವರಿದ್ದಾರೆ, ಗೇಟಿನ ಸದ್ದಿಗೆ ಕಾಯುತ್ತಿದ್ದೀರಿ. ಜಿಟಿಜಿಟಿ ಮಳೆಯಾದರೆ ಚಿಲಕ ಅಲುಗಿದರೂ ಎದ್ದು ನೋಡುತ್ತೀರಿ. ಮಾಡು ಹಾರಿ ಹೋಗುವಂತೆ ಸುರಿಯುತ್ತಿದ್ದರೆ ಗೇಟು ದಡಾರನೆ ಬಡಿದರೆ ಮಾತ್ರ. ಇಸಿಯು ಮಾಡುವುದೂ ಇದನ್ನೇ. ಪ್ರತಿ ಸಿಲಿಂಡರಿಗೂ ಇತ್ತೀಚಿನ ಸದ್ದಿನ ಸರಾಸರಿಯನ್ನು ಇಟ್ಟುಕೊಳ್ಳುತ್ತದೆ. ಹೊಸ ಸಂಖ್ಯೆ ಬಂದಾಗ ಅದಕ್ಕೂ ಹಳೆಯ ಸರಾಸರಿಗೂ ಇರುವ ವ್ಯತ್ಯಾಸದ ಒಂದು ಸಣ್ಣ ಪಾಲನ್ನು ಮಾತ್ರ ಸರಾಸರಿಗೆ ಸೇರಿಸುತ್ತದೆ, ಉದಾಹರಣೆಗೆ ಹದಿನಾರರಲ್ಲಿ ಒಂದು. ಹೊಸದು ಸರಾಸರಿಯ ಎರಡು ಮೂರು ಪಟ್ಟು ಏರಿದರೆ ನಾಕ್. ನಾಕ್ ಆದ ಸುತ್ತಿನ ಸಂಖ್ಯೆಯನ್ನು ಸರಾಸರಿಗೆ ಸೇರಿಸಬಾರದು. ಸೇರಿಸಿದರೆ ನಾಕೇ ಮಾಮೂಲಿ ಸದ್ದು ಅಂತ ಆಗಿಬಿಡುತ್ತದೆ. ವಿದ್ಯಾರ್ಥಿಗಳು ಈ ಒಂದು ಸಾಲನ್ನು ಚೆನ್ನಾಗಿ ನೆನಪಿಡಿ.

ಈಗ ಟೈಮಿಂಗ್. ನಾಕ್ ಗೊತ್ತಾದ ಕೂಡಲೇ ಆ ಸಿಲಿಂಡರಿನ ಕಿಡಿಯನ್ನು ಎರಡು ಮೂರು ಡಿಗ್ರಿ ತಡ ಮಾಡುತ್ತದೆ. ಆಮೇಲೆ ಸ್ವಲ್ಪಸ್ವಲ್ಪವೇ ಮತ್ತೆ ಮುಂದಕ್ಕೆ ತರುತ್ತದೆ. ತಡ ಮಾಡುವುದು ಥಟ್ಟನೆ, ವಾಪಸ್ ತರುವುದು ನಿಧಾನ. ಹೀಗೆ ಎಂಜಿನ್ ಯಾವಾಗಲೂ ನಾಕ್ ಶುರುವಾಗುವ ಅಂಚಿನ ಹತ್ತಿರವೇ ಓಡುತ್ತದೆ. ಹಳೆಯ ಕಾರುಗಳ ಕಂಪ್ರೆಶನ್, ಅಂದರೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ, 7-8ರಷ್ಟಿತ್ತು, ಇವತ್ತು 10ರಿಂದ 12 ಇದೆ. ಇವತ್ತಿನ ಕಾರುಗಳ ಮೈಲೇಜಿನ ಹಿಂದೆ ಈ ಸೆನ್ಸರಿನ ಪಾಲು ದೊಡ್ಡದು. ಒಂದು ಮಾತು ಮಾತ್ರ ಸೇರಿಸುತ್ತೇನೆ: ಪ್ಲಗ್ ಕಿಡಿ ಕೊಡುವ ಮೊದಲೇ ಕೆಂಪಗೆ ಕಾದ ಕಾರ್ಬನ್ನೋ, ತಪ್ಪು ಪ್ಲಗ್ಗೋ ಮಿಶ್ರಣವನ್ನು ಹೊತ್ತಿಸಿದರೆ ಅದು ಪ್ರೀ-ಇಗ್ನಿಶನ್. ಅಲ್ಲಿ ಕಿಡಿ ತಡ ಮಾಡಿ ಉಪಯೋಗ ಇಲ್ಲ, ಬೆಂಕಿ ಹಚ್ಚಿದ್ದೇ ಕಿಡಿಯಲ್ಲ.

ಇನ್ನು ಗ್ಯಾರೇಜಿನವರಿಗೆ. ದಯವಿಟ್ಟು ಇದನ್ನು ಗಮನ ಕೊಟ್ಟು ಕೇಳಿ, ಯಾಕೆಂದರೆ ನೂರಾರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಯ ಖರ್ಚಾಗುವುದು ಇಲ್ಲೇ. ಗಾಡಿಗೆ ಪಿಕಪ್ ಇಲ್ಲ, ಮೈಲೇಜ್ ಬಿದ್ದಿದೆ, ಚೆಕ್ ಎಂಜಿನ್ ಲೈಟ್ ಬಂದಿದೆ, ಸ್ಕ್ಯಾನರಿನಲ್ಲಿ ಪಿ0325, ಪಿ0327 ಅಥವಾ ಪಿ0328 ಅನ್ನುವ ನಾಕ್ ಸೆನ್ಸರಿನ ಕೋಡ್. ಸೆನ್ಸರಿನ ಸರ್ಕ್ಯೂಟ್ ಮೇಲೆ ನಂಬಿಕೆ ಹೋದಾಗ ಇಸಿಯು ಸುಮ್ಮನೆ ಕೂರುವುದಿಲ್ಲ, ಟೈಮಿಂಗನ್ನು ಎಲ್ಲಾ ಕಡೆ ತಡ ಮಾಡಿಬಿಡುತ್ತದೆ. ಶಕ್ತಿ ಹೋಗುವುದು ಅದಕ್ಕೇ. ಆದರೆ ಕೋಡ್ ಸರ್ಕ್ಯೂಟ್ ಬಗ್ಗೆ ಹೇಳುತ್ತದೆ, ಸೆನ್ಸರ್ ಸತ್ತಿದೆ ಅಂತ ಹೇಳುವುದಿಲ್ಲ. ಮೊದಲು ವೈರ್ ನೋಡಿ. ತೋಟದ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಕಾರಿನ ವೈರನ್ನು ಇಲಿ ಕಡಿದಿರುತ್ತದೆ. ನಮ್ಮ ಮಳೆಗೆ ಕನೆಕ್ಟರಿನ ಪಿನ್ನಿಗೆ ಹಸಿರು ಹಿಡಿದಿರುತ್ತದೆ. ಸಿಗ್ನಲ್ ಇರುವುದೇ ಮಿಲಿವೋಲ್ಟ್‌ಗಳಲ್ಲಿ, ಆದ್ದರಿಂದ ವೈರಿಗೆ ಶೀಲ್ಡ್ ಇರುತ್ತದೆ. ಕಡಿದ ಜಾಗದಲ್ಲಿ ಸಾದಾ ವೈರ್ ಸೇರಿಸಿ ಟೇಪ್ ಸುತ್ತಿದರೆ ಇಗ್ನಿಶನ್ನಿನ ಗಲಾಟೆಯೆಲ್ಲಾ ಅದರೊಳಗೆ ಬರುತ್ತದೆ.

ಮಲ್ಟಿಮೀಟರಿನ ಓಮ್ಸ್ ಇಟ್ಟು ಓಪನ್ ತೋರಿಸಿತು ಅಂತ ಸೆನ್ಸರ್ ಬಿಸಾಡಬೇಡಿ. ಸೆರಾಮಿಕ್ ಇನ್ಸುಲೇಟರ್, ಓಪನ್ ತೋರಿಸುವುದು ಸಹಜ. ಕೆಲವದರೊಳಗೆ ದೊಡ್ಡ ರೆಸಿಸ್ಟರ್ ಇರುತ್ತದೆ, ಅಂಥವು ಒಂದು ಬೆಲೆ ತೋರಿಸುತ್ತವೆ. ಸರ್ವಿಸ್ ಪುಸ್ತಕದಲ್ಲಿ ಎಷ್ಟಿದೆ ನೋಡಿ ಹೋಲಿಸಿ. ಇಲ್ಲದಿದ್ದರೆ ಕನೆಕ್ಟರ್ ಬಿಚ್ಚಿ, ಎಸಿ ಮಿಲಿವೋಲ್ಟ್‌ನಲ್ಲಿ ಮೀಟರ್ ಇಟ್ಟು, ಪಕ್ಕದ ಬ್ಲಾಕಿನ ಮೇಲೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಅಂಕಿ ಅಲುಗಿದರೆ ಜೀವ ಇದೆ. ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡುವುದಾದರೆ ಬಜರಿನ ಪೀಜೊ ತಟ್ಟೆ ಅಂಟಿಸಬೇಡಿ. ಅದು ಕೆಲವೇ ಕಿಲೋಹರ್ಟ್ಸ್‌ನಲ್ಲಿ ತಾನೇ ಹಾಡುತ್ತದೆ, ನಿಮಗೆ ಕೇಳಿಸುವುದು ಅದರದ್ದೇ ದನಿ. ಗುಜರಿಯಿಂದ ಒಂದು ವೈಡ್‌ಬ್ಯಾಂಡ್ ಸೆನ್ಸರ್ ತನ್ನಿ. ಅದರ ಕೆಪಾಸಿಟೆನ್ಸ್ ಸುಮಾರು 1 ನ್ಯಾನೊಫ್ಯಾರಡ್. ಇದನ್ನು 10 ಕಿಲೋಓಮ್ ಇನ್‌ಪುಟ್ಟಿಗೆ ನೇರವಾಗಿ ಕೊಟ್ಟರೆ ಎರಡೂ ಸೇರಿ ಹೈಪಾಸ್ ಫಿಲ್ಟರ್ ಆಗಿ, 16 ಕಿಲೋಹರ್ಟ್ಸ್ ಕೆಳಗಿನದ್ದೆಲ್ಲಾ ತಗ್ಗುತ್ತದೆ. ನಿಮಗೆ ಬೇಕಾದ 7 ಕಿಲೋಹರ್ಟ್ಸ್ ಅರ್ಧಕ್ಕೂ ಕಡಿಮೆಯಾಗುತ್ತದೆ. 1 ಮೆಗಾಓಮ್ ಇನ್‌ಪುಟ್ ಇರುವ ಆಪ್‌ಆಂಪ್ ಬಫರ್ ಹಾಕಿ, ಆಗ ಆ ಗಡಿ 160 ಹರ್ಟ್ಸ್‌ಗೆ ಇಳಿಯುತ್ತದೆ. ಸೆಕೆಂಡಿಗೆ 50,000 ಸ್ಯಾಂಪಲ್ ತೆಗೆದರೆ ಸಾಕು, ಅದಕ್ಕಿಂತ ಮೊದಲು, ತೀರಾ ಎತ್ತರದ ಶ್ರುತಿಗಳನ್ನು ತಡೆಯುವ ಆಂಟಿ-ಏಲಿಯಾಸಿಂಗ್ ಫಿಲ್ಟರ್ ಇರಲಿ. ಕ್ರ್ಯಾಂಕ್ ಸಿಗ್ನಲ್ಲನ್ನೂ ಜೊತೆಗೇ ರೆಕಾರ್ಡ್ ಮಾಡಿ. ಅದಿಲ್ಲದೆ ಕಿಟಕಿ ಇಲ್ಲ, ಕಿಟಕಿ ಇಲ್ಲದೆ ನಾಕ್ ಯಾವುದು ವಾಲ್ವ್ ಯಾವುದು ಗೊತ್ತಾಗುವುದಿಲ್ಲ.

ಪ್ರಶ್ನೆಗಳಿಗೆ ಬರುತ್ತೇನೆ. ವಿರಾಜಪೇಟೆಯ ಮೆಕ್ಯಾನಿಕ್ ಒಬ್ಬರು ಕೇಳಿದರು: "ಸಾರ್, ಸೆನ್ಸರ್ ಬೋಲ್ಟ್ ಜೋರಾಗಿ ಟೈಟ್ ಮಾಡಿದ್ರೆ ಇನ್ನೂ ಚೆನ್ನಾಗಿ ಕೇಳಲ್ವಾ?"

ಇಲ್ಲ ಅಣ್ಣ. ನಡುವೆ ತೂತಿರುವ ಸೆನ್ಸರುಗಳಲ್ಲಿ ಬೋಲ್ಟಿನ ಬಿಗಿಯೂ ಅಳತೆಯ ಒಂದು ಭಾಗ. ಎಂಟು ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು ಹೇಳಿರುತ್ತಾರೆ. ಸಡಿಲ ಇದ್ದರೆ ಚೂಪು ಸದ್ದು ಸೆನ್ಸರಿಗೆ ದಾಟುವುದಿಲ್ಲ. ಜಾಸ್ತಿ ಬಿಗಿದರೆ ಸೆನ್ಸರಿನ ಸೂಕ್ಷ್ಮತೆ ಬದಲಾಗುತ್ತದೆ, ಸೆರಾಮಿಕ್ ಒಡೆಯಲೂಬಹುದು. ಟಾರ್ಕ್ ರೆಂಚ್ ಬಳಸಿ. ಕೂರುವ ಜಾಗದಲ್ಲಿ ಬಣ್ಣ, ತುಕ್ಕು, ಗ್ಯಾಸ್ಕೆಟ್ ಪೇಸ್ಟ್ ಇರಬಾರದು. ವಾಷರ್ ಹಾಕಬೇಡಿ, ಲೋಹಕ್ಕೆ ಲೋಹ ಕೂರಬೇಕು. ಹತ್ತಿರದಲ್ಲಿ ಆಲ್ಟರ್‌ನೇಟರ್ ಬ್ರಾಕೆಟ್ ಸಡಿಲ ಇದೆಯಾ ಅಂತಲೂ ನೋಡಿ. ಅದರ ಗಡಗಡವನ್ನು ನಾಕ್ ಅಂದುಕೊಂಡು ಇಸಿಯು ಟೈಮಿಂಗ್ ತಡ ಮಾಡುತ್ತದೆ, ನೀವು ಫ್ಯೂಯೆಲ್ ಪಂಪ್ ಬದಲಿಸುತ್ತೀರಿ, ಗಾಡಿ ಹಾಗೇ ಇರುತ್ತದೆ.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ, ದುಬಾರಿ ಪೆಟ್ರೋಲ್ ಹಾಕಿದರೆ ಲಾಭ ಇದೆಯಾ? ಇಂಧನದ ನಾಕ್ ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್. ನಮ್ಮಲ್ಲಿ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ವರ್ಷಗಳ ಕಾಲ ಕನಿಷ್ಠ 91 ಇತ್ತು, ಪ್ರೀಮಿಯಂ ಕೆಲವು 95ಕ್ಕೆ ಮೇಲೆ. ಈಗ ಬರುವ ಇ20ಯಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವುದರಿಂದ ನಾಕ್ ತಡೆಯುವ ಶಕ್ತಿ ಇನ್ನೂ ಜಾಸ್ತಿ. ನಿಮ್ಮ ಎಂಜಿನ್ 91ರಲ್ಲಿ ನಾಕ್ ಆಗದೆ ಪೂರ್ತಿ ಟೈಮಿಂಗಿನಲ್ಲಿ ಓಡುತ್ತಿದ್ದರೆ 95 ಹಾಕಿದರೂ ಇಸಿಯು ಅದಕ್ಕಿಂತ ಮುಂದೆ ಹೋಗುವುದಿಲ್ಲ, ಅದರ ಮ್ಯಾಪಿಗೆ, ಅಂದರೆ ಒಳಗೆ ಬರೆದಿಟ್ಟ ಟೈಮಿಂಗ್ ಪಟ್ಟಿಗೆ, ಒಂದು ಮಿತಿ ಇದೆ. ನಾಕ್ ಆಗಿ ಟೈಮಿಂಗ್ ತಡವಾಗುತ್ತಿದ್ದ ಟರ್ಬೊ ಎಂಜಿನ್ನಿಗೆ ವ್ಯತ್ಯಾಸ ಕಾಣುತ್ತದೆ.

ಕೊನೆಗೆ ಪೊನ್ನಂಪೇಟೆ ಕಡೆಯ ಹಿರಿಯರೊಬ್ಬರು, ತಮ್ಮ ಹಳೇ ಪೆಟ್ರೋಲ್ ಜೀಪಿಗೆ ಇದನ್ನು ಹಾಕಬಹುದಾ ಅಂತ ಕೇಳಿದರು. ಹಾಕಬಹುದು ಸಾರ್, ಆದರೆ ಅದರಲ್ಲಿ ಟೈಮಿಂಗ್ ನಡೆಸುವುದು ಡಿಸ್ಟ್ರಿಬ್ಯೂಟರಿನ ಒಳಗಿನ ತೂಕದ ಗುಂಡುಗಳು. ಸೆನ್ಸರ್ ಹೇಳಿದ ಮಾತು ಅವಕ್ಕೆ ತಲುಪುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಇಟ್ಟುಕೊಳ್ಳಿ. ಏರಿನಲ್ಲಿ ದೀಪ ಹತ್ತಿದರೆ ಗೇರ್ ಇಳಿಸಿ. ಪದೇ ಪದೇ ಹತ್ತುತ್ತಿದ್ದರೆ ಡಿಸ್ಟ್ರಿಬ್ಯೂಟರನ್ನು ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿ, ರೇಡಿಯೇಟರ್ ಕ್ಲೀನ್ ಮಾಡಿಸಿ. ಡೀಸೆಲ್ ಜೀಪಿನವರು ಇದನ್ನು ಹಾಕಿಸಿಕೊಳ್ಳಬೇಡಿ. ಡೀಸೆಲ್ ಹೊತ್ತುವುದೇ ಒತ್ತಡಕ್ಕೆ, ಆ ಟಕಟಕ ಅದರ ಸಹಜ ಸದ್ದು, ದೀಪ ಹತ್ತಿದ್ದು ಆರುವುದೇ ಇಲ್ಲ.